ಅಲ್ಟ್ರಾಸೌಂಡ್‌ನಿಂದ ಹೊಟ್ಟೆ ಇಳಿಯುತ್ತದೆಯೇ? ಮೊದಲು ಆ ಹೊಟ್ಟೆ ಯಾವುದರಿಂದ ಬಂದದ್ದು ನೋಡೋಣ

ಪ್ರಶ್ನೆ: ನಾನು ಗದಗದವಳು, ವಯಸ್ಸು 38, ಪ್ರೌಢಶಾಲೆ ಶಿಕ್ಷಕಿ. ಎತ್ತರ 158 ಸೆಂ.ಮೀ., ತೂಕ 64 ಕೆ.ಜಿ., ಸೊಂಟದ ಸುತ್ತಳತೆ 91 ಸೆಂ.ಮೀ. ಇಬ್ಬರು ಮಕ್ಕಳು. ಎರಡನೆಯದು ಸಿಸೇರಿಯನ್, ಆಗಲೇ ಮಕ್ಕಳಾಗದ ಆಪರೇಷನ್ ಕೂಡ ಆಗಿದೆ. ಚಿಕ್ಕವನಿಗೆ ಈಗ ಆರು ವರ್ಷ. ಕೈಕಾಲು ತೆಳ್ಳಗಿವೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಸಂಜೆ ಹೊತ್ತಿಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಸ್ಸಿನಲ್ಲಿ ‘ಎಷ್ಟು ತಿಂಗಳ್ರೀ?’ ಅಂತ ಕೇಳುತ್ತಾರೆ. ಮಲಗಿದವಳು ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬಿ ಬರುತ್ತದೆ. ಹೊಕ್ಕುಳ ಹತ್ತಿರ ಚರ್ಮ ಹಿಡಿದರೆ ಮಡಿಕೆ 3 ಸೆಂ.ಮೀ., ಕೆಳಹೊಟ್ಟೆಯಲ್ಲಿ 5 ಸೆಂ.ಮೀ. ಹುಬ್ಬಳ್ಳಿಯ ಒಂದು ಸ್ಲಿಮ್ಮಿಂಗ್ ಸೆಂಟರಿನಲ್ಲಿ ವಿಚಾರಿಸಿದೆ. ‘ಆಪರೇಷನ್ ಇಲ್ಲ, ಸೂಜಿ ಇಲ್ಲ, ಸ್ಕ್ಯಾನಿಂಗ್ ಮಾಡಿದಂಗ ಅಷ್ಟ ರೀ. ಒಂದ ಸಿಟಿಂಗಿಗೆ ಎರಡ ಇಂಚು ಇಳೀತದ. ಕರಗಿದ ಕೊಬ್ಬು ಮೂತ್ರದಾಗ ಹೋಗ್ತದ’ ಅಂದರು. ಎಂಟು ಸಿಟಿಂಗಿಗೆ 28,000 ರೂಪಾಯಿ. ಈ ತಿಂಗಳೊಳಗೆ ಕಟ್ಟಿದರೆ ಎರಡು ಸಿಟಿಂಗ್ ಉಚಿತ ಎಂದಿದ್ದಕ್ಕೆ 5,000 ಮುಂಗಡ ಕೊಟ್ಟು ಬಂದಿದ್ದೇನೆ. ನಮ್ಮ ನಾದಿನಿ ಮಾಡಿಸಿಕೊಂಡು ಚೆನ್ನಾಗಿದೆ ಅನ್ನುತ್ತಾಳೆ. ಅವ್ವ ಮಾತ್ರ, ‘ಬಾಣಂತನದಾಗ ಹೊಟ್ಟಿ ಸರಿಯಾಗಿ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕ ಹಿಂಗಾತು’ ಅಂತ ಬೈಯುತ್ತಾಳೆ. ಇದು ನಿಜವಾಗಿ ಕೆಲಸ ಮಾಡುತ್ತದೆಯೇ? ಲಿವರ್‌ಗೆ, ಗರ್ಭಕೋಶಕ್ಕೆ ತೊಂದರೆ ಇದೆಯೇ? ಕ್ಯಾನ್ಸರ್ ಬರಬಹುದೇ?

ಉತ್ತರ: ನೀವು ಕೇಳಿರುವುದು ಯಂತ್ರದ ಬಗ್ಗೆ. ಅದಕ್ಕೆ ಪೂರ್ತಿಯಾಗಿ ಉತ್ತರಿಸುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಯಂತ್ರಕ್ಕಿಂತ ಮುಖ್ಯವಾದ ಒಂದು ಸಾಲು ಇದೆ: ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬಿ ಬರುತ್ತದೆ ಅಂದಿದ್ದೀರಿ. ಕೈಕಾಲು ತೆಳ್ಳಗಿದ್ದು, ಎರಡು ಹೆರಿಗೆಯಾಗಿ, ಸಂಜೆ ಹೊತ್ತಿಗೆ ಹೊಟ್ಟೆ ಹೆಚ್ಚು ಮುಂದೆ ಬರುವವರಲ್ಲಿ ಈ ಲಕ್ಷಣ ಕಂಡರೆ ನಾವು ಮೊದಲು ಅನುಮಾನಿಸುವುದು ಕೊಬ್ಬನ್ನಲ್ಲ, ಹೊಟ್ಟೆಯ ಸ್ನಾಯುಗಳ ನಡುವಿನ ಬಿರುಕನ್ನು. ಅದು ನಿಜವಾದರೆ ಜಗತ್ತಿನ ಯಾವ ಅಲ್ಟ್ರಾಸೌಂಡ್ ಯಂತ್ರವೂ ಅದನ್ನು ಕೂಡಿಸಲಾರದು. ನೀವು 28,000 ಕಟ್ಟಿದರೂ, ಗದಗದಿಂದ ಹುಬ್ಬಳ್ಳಿಗೆ ಎಂಟು ಸಲ ಓಡಾಡಿದರೂ ಬಸ್ಸಿನಲ್ಲಿ ಆ ಪ್ರಶ್ನೆ ಕೇಳುವವರು ಕೇಳುತ್ತಲೇ ಇರುತ್ತಾರೆ. ಆದ್ದರಿಂದ ಉಳಿದ ಹಣ ಈಗಲೇ ಕಟ್ಟಬೇಡಿ.

ಹೊಟ್ಟೆ ಮುಂದೆ ಬರಲು ನಾಲ್ಕು ಕಾರಣ

ಒಂದು, ಚರ್ಮದ ಕೆಳಗಿನ ಕೊಬ್ಬು. ಬೆರಳಲ್ಲಿ ಹಿಡಿಯಲು ಸಿಗುವುದು ಇದೊಂದೇ, ಹೊರಗಿನ ಯಂತ್ರಗಳು ಮುಟ್ಟಬಲ್ಲದ್ದೂ ಇದನ್ನು ಮಾತ್ರ. ಎರಡು, ಒಳಕೊಬ್ಬು. ಇದು ಸ್ನಾಯುಗಳ ಹಿಂದೆ, ಕರುಳು ಮತ್ತು ಲಿವರ್ ಸುತ್ತ ಇರುತ್ತದೆ. ಕೈಗೆ ಸಿಗುವುದಿಲ್ಲ, ಹೊಟ್ಟೆ ಮುಟ್ಟಿದರೆ ಗಟ್ಟಿ ಅನ್ನಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಫ್ಯಾಟಿ ಲಿವರ್‌ಗೆ ಹೆಚ್ಚು ನಂಟು ಇದರದ್ದೇ. ಮೂರು, ಸ್ನಾಯು ಬಿರುಕು. ಎದೆಗೂಡಿನಿಂದ ಕೆಳಹೊಟ್ಟೆಯವರೆಗೆ ಎಡಬಲಕ್ಕೆ ಎರಡು ಉದ್ದನೆಯ ಸ್ನಾಯುಗಳಿವೆ, ಅವುಗಳನ್ನು ನಡುವೆ ಒಂದು ಪಟ್ಟಿ ಕೂಡಿಸಿ ಹಿಡಿದಿರುತ್ತದೆ. ಬಸಿರಿನಲ್ಲಿ ಆ ಪಟ್ಟಿ ಹಿಗ್ಗುತ್ತದೆ. ಹೆರಿಗೆಯಾದ ಮೇಲೆ ಹಲವರಲ್ಲಿ ತಾನಾಗಿ ಬಿಗಿಯಾಗುತ್ತದೆ, ಕೆಲವರಲ್ಲಿ ಹಾಗೇ ಸಡಿಲ ಉಳಿಯುತ್ತದೆ. ನಾಲ್ಕು, ಹರ್ನಿಯಾ: ಹೊಕ್ಕುಳಲ್ಲೋ ಹಳೆಯ ಹೊಲಿಗೆಯಲ್ಲೋ ಸಣ್ಣ ತೂತಾಗಿ ಒಳಗಿನದು ಹೊರಗೆ ತಳ್ಳುವುದು. ಹೆಚ್ಚಿನವರಲ್ಲಿ ಇವುಗಳಲ್ಲಿ ಎರಡು ಮೂರು ಬೆರೆತಿರುತ್ತವೆ.

ಬಿರುಕು ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ. ಒಂದು ಕೈಯ ಬೆರಳುಗಳನ್ನು ಜೋಡಿಸಿ, ಅವುಗಳ ತುದಿಯನ್ನು ಹೊಕ್ಕುಳದ ಸ್ವಲ್ಪ ಮೇಲೆ ಅಡ್ಡಲಾಗಿ ಊರಿ. ಈಗ ಉಸಿರು ಬಿಡುತ್ತ ತಲೆ ಮತ್ತು ಹೆಗಲನ್ನು ಮಾತ್ರ ಸ್ವಲ್ಪ ಎತ್ತಿ. ಎರಡೂ ಕಡೆ ಸ್ನಾಯುವಿನ ಗಟ್ಟಿ ಅಂಚು ಬೆರಳಿಗೆ ತಾಗುತ್ತದೆ. ನಡುವೆ ಎಷ್ಟು ಬೆರಳು ಹಿಡಿಯುತ್ತವೆ, ಎಷ್ಟು ಆಳಕ್ಕೆ ಇಳಿಯುತ್ತವೆ ನೋಡಿ. ಹೊಕ್ಕುಳ ಮಟ್ಟದಲ್ಲಿ, ನಾಲ್ಕೈದು ಸೆಂ.ಮೀ. ಮೇಲೆ, ಅಷ್ಟೇ ಕೆಳಗೆ, ಹೀಗೆ ಮೂರು ಕಡೆ ನೋಡಬೇಕು. ಎರಡು ಬೆರಳಿಗಿಂತ ಹೆಚ್ಚು ಅಗಲವಿದ್ದರೆ ತಜ್ಞರಿಗೆ ತೋರಿಸಬೇಕಾದ ಬಿರುಕು ಅಂತಲೇ ತಿಳಿಯಿರಿ. ಆಮೇಲೆ ನಿಂತುಕೊಂಡು ಹೊಕ್ಕುಳ ಮೇಲೂ ಸಿಸೇರಿಯನ್ ಹೊಲಿಗೆಯ ಮೇಲೂ ಬೆರಳಿಟ್ಟು ಜೋರಾಗಿ ಕೆಮ್ಮಿ. ಬೆರಳಿಗೆ ಗಂಟಿನ ಹಾಗೆ ತಳ್ಳಿದರೆ ಹರ್ನಿಯಾ ಅನುಮಾನ. ಆ ಗಂಟು ಒಳಗೆ ಹೋಗದೆ ನಿಂತು, ನೋವು, ವಾಂತಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ಇಡಬಾರದು.

ನಿಮ್ಮ ಅಳತೆಗಳೂ ಒಂದು ಸುಳಿವು ಕೊಡುತ್ತವೆ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 25.6. ಭಾರತೀಯರಿಗೆ 23ರ ಮೇಲೆ ಹೆಚ್ಚು ತೂಕ, 25ರ ಮೇಲೆ ಬೊಜ್ಜು ಎಂದು ಲೆಕ್ಕ. ಸೊಂಟ ಹೆಂಗಸರಿಗೆ 80 ಸೆಂ.ಮೀ. ಒಳಗೆ, ಗಂಡಸರಿಗೆ 90ರ ಒಳಗೆ ಇರಬೇಕು. ನಿಮ್ಮದು 91. ಇನ್ನು ಚರ್ಮದ ಮಡಿಕೆ: ಬೆರಳಲ್ಲಿ ಹಿಡಿದಾಗ ಸಿಗುವುದು ಎರಡು ಪದರ. ಹೊಕ್ಕುಳ ಹತ್ತಿರ ಮಡಿಕೆ 3 ಸೆಂ.ಮೀ. ಅಂದರೆ ಚರ್ಮ ಸೇರಿ ದಪ್ಪ ಒಂದೂವರೆ ಸೆಂ.ಮೀ. ಮಾತ್ರ. ಸೊಂಟ 91 ಇದ್ದೂ ಮೇಲಿನ ಕೊಬ್ಬು ಇಷ್ಟು ತೆಳುವಾಗಿದ್ದರೆ ಉಳಿದದ್ದು ಎಲ್ಲಿಂದ ಬಂತು? ಒಳಕೊಬ್ಬಿನಿಂದಲೋ ಸ್ನಾಯು ಸಡಿಲಾಗಿದ್ದರಿಂದಲೋ ಬಂದಿರಬೇಕು. ಯಂತ್ರಕ್ಕೆ ಎರಡೂ ನಿಲುಕುವುದಿಲ್ಲ.

ಎಲ್ಲ ಅಲ್ಟ್ರಾಸೌಂಡ್ ಒಂದೇ ಅಲ್ಲ

‘ಸ್ಕ್ಯಾನಿಂಗ್ ಮಾಡಿದಂಗ’ ಅನ್ನುವುದು ತಪ್ಪು. ಸ್ಕ್ಯಾನಿಂಗ್ ಯಂತ್ರ ಕಡಿಮೆ ಶಕ್ತಿಯ ಅಲೆ ಕಳಿಸಿ ಅದರ ಮರುದನಿಯಿಂದ ಚಿತ್ರ ಮೂಡಿಸುತ್ತದೆ. ಅದರಿಂದ ಕೊಬ್ಬು ಕರಗುವ ಹಾಗಿದ್ದರೆ ಬಸುರಿಯರಿಗೆ ಮಾಡುವ ಸೊನೋಗ್ರಫಿಯಲ್ಲೇ ಕರಗಬೇಕಿತ್ತು. ಕೊಬ್ಬಿನ ಕೋಶ ಒಡೆಯಬೇಕಾದರೆ ಶಕ್ತಿಯನ್ನು ಒಂದು ಬಿಂದುವಿನಲ್ಲಿ ಕೂಡಿಸಬೇಕು. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕಿಗೆ ತಂದು ಕಾಗದ ಸುಡುತ್ತದಲ್ಲ, ತತ್ವ ಅದೇ: ಮೇಲಿನ ಚರ್ಮಕ್ಕೆ ಏನೂ ಆಗದೆ ಕೆಳಗಿನ ಚುಕ್ಕಿಯಲ್ಲಿ ಮಾತ್ರ ಕೆಲಸವಾಗಬೇಕು.

ಇಂಥ ನಿಜವಾದ ಕೇಂದ್ರೀಕೃತ ಯಂತ್ರಗಳಲ್ಲಿ ಎರಡು ಬಗೆ. ಮೊದಲನೆಯದು ಬಿಸಿಯಿಂದ ಕೆಲಸ ಮಾಡುವ ಹೈಫು. ಇದರಲ್ಲಿ ಲಿಪೊಸಾನಿಕ್ಸ್ ಎಂಬ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಅನುಮತಿ ಕೊಟ್ಟಿತು. 2 ಮೆಗಾಹರ್ಟ್ಸ್ (ಸೆಕೆಂಡಿಗೆ 20 ಲಕ್ಷ ಕಂಪನ) ಅಲೆ ಚರ್ಮದಿಂದ 1.3 ಸೆಂ.ಮೀ. ಆಳದಲ್ಲಿ ಕೂಡಿ, ಅಲ್ಲಿನ ಕೊಬ್ಬನ್ನು 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಮಾಡುತ್ತದೆ. ಅಷ್ಟು ಶಾಖಕ್ಕೆ ಕೋಶ ಸಾಯುತ್ತದೆ. ಎರಡನೆಯದು ಬಿಸಿ ಮಾಡದೆ ಬಡಿತದಿಂದ ಕೋಶದ ಪೊರೆ ಒಡೆಯುವ ಯಂತ್ರ. 2014ರಲ್ಲಿ ಅನುಮತಿ ಪಡೆದ ಅಲ್ಟ್ರಾಶೇಪ್ ಈ ಬಗೆಯದು, ಸುಮಾರು 200 ಕಿಲೋಹರ್ಟ್ಸ್ (ಸೆಕೆಂಡಿಗೆ 2 ಲಕ್ಷ ಕಂಪನ), ಎರಡು ವಾರಕ್ಕೊಮ್ಮೆಯಂತೆ ಮೂರು ಸಲ.

ನಮ್ಮ ಊರುಗಳ ಪಾರ್ಲರ್‌ಗಳಲ್ಲಿ, ಸ್ಲಿಮ್ಮಿಂಗ್ ಸೆಂಟರ್‌ಗಳಲ್ಲಿ ‘ಕ್ಯಾವಿಟೇಷನ್’ ಅಂತ ಮಾಡುವುದು ಬಹುತೇಕ ಇವೆರಡೂ ಅಲ್ಲ. ಅದು 40 ಕಿಲೋಹರ್ಟ್ಸ್ ಯಂತ್ರ: ಜೆಲ್ ಹಚ್ಚಿ ಲೋಹದ ಹಿಡಿಕೆಯನ್ನು ಹೊಟ್ಟೆಯ ಮೇಲೆ ಅರ್ಧ ತಾಸು ಸುತ್ತಾಡಿಸುತ್ತಾರೆ, ಕಿವಿಯೊಳಗೆ ಕಿರ್ ಎಂಬ ಸದ್ದು ಕೇಳುತ್ತದೆ. ದೇಹದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಹಾಗಾಗಿ 40 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದವೇ ಮೂರೂಮುಕ್ಕಾಲು ಸೆಂ.ಮೀ.ನಷ್ಟಾಗುತ್ತದೆ. ಒಂದೂವರೆ ಸೆಂ.ಮೀ. ದಪ್ಪದ ಕೊಬ್ಬಿನ ಪದರದೊಳಗೆ ಅಷ್ಟು ಉದ್ದದ ಅಲೆಯನ್ನು ಒಂದು ಚುಕ್ಕಿಗೆ ತರುವುದು ಆಗದ ಮಾತು. 2 ಮೆಗಾಹರ್ಟ್ಸ್‌ನಲ್ಲಿ ಅದೇ ಅಲೆಯ ಉದ್ದ ಮುಕ್ಕಾಲು ಮಿಲಿಮೀಟರ್. ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಇದು, ಬರೀ ಬ್ರ್ಯಾಂಡಿನದ್ದಲ್ಲ. 40 ಕಿಲೋಹರ್ಟ್ಸ್ ಯಂತ್ರದಿಂದ ಕೊಬ್ಬು ಶಾಶ್ವತವಾಗಿ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಬಹಳ ದುರ್ಬಲ. ಅದಕ್ಕೆ ಹಣ ಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಹೈಫು ಅಂತಲೇ ಹೇಳಿದರೂ ಒಂದು ಪ್ರಶ್ನೆ ಕೇಳಬೇಕು: ಕಾರ್ಟ್ರಿಜ್ (ಹಿಡಿಕೆಗೆ ಸಿಕ್ಕಿಸುವ, ಅಲೆ ಬಿಡುವ ತುದಿ) ಎಷ್ಟು ಮಿಲಿಮೀಟರ್‌ನದು? ಮುಖಕ್ಕೆ ಬಳಸುವವು 1.5, 3 ಮತ್ತು 4.5 ಮಿ.ಮೀ. ಆಳದವು. ಹೊಟ್ಟೆಗೆ 13 ಮಿ.ಮೀ. ಬೇಕು. ಮುಖದ ಕಾರ್ಟ್ರಿಜ್ ಹೊಟ್ಟೆಯ ಮೇಲೆ ಹಾಕಿದರೆ ಕೊಬ್ಬಿನ ಪದರ ಸರಿಯಾಗಿ ಮುಟ್ಟುವುದೇ ಇಲ್ಲ. ಪ್ರತಿ ಕಾರ್ಟ್ರಿಜ್‌ಗೂ ಇಷ್ಟು ಶಾಟ್ಸ್ (ಅಲೆ ಬಿಡುವ ಸಲ) ಎಂಬ ಮಿತಿ ಇರುತ್ತದೆ. ಮುಗಿದದ್ದನ್ನು ಮತ್ತೆ ಲೆಕ್ಕ ತಿರುಗಿಸಿ ಬಳಸಿದರೆ ಶಕ್ತಿ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಬೀಳುತ್ತದೆ ಎಂಬುದು ನಡೆಸುವವರಿಗೂ ಗೊತ್ತಾಗುವುದಿಲ್ಲ. ಸುಟ್ಟ ಗಾಯಕ್ಕೆ ಅದೂ ಒಂದು ಕಾರಣ.

ಒಳ್ಳೆಯ ಯಂತ್ರದಿಂದ ಎಷ್ಟು ಇಳಿಯುತ್ತದೆ?

ನಿಜವಾದ ಹೈಫು, ಸರಿಯಾದ ವ್ಯಕ್ತಿಗೆ, ಸರಿಯಾಗಿ ಮಾಡಿದರೆ 12 ವಾರದಲ್ಲಿ ಸೊಂಟ ಸರಾಸರಿ 2ರಿಂದ 2.5 ಸೆಂ.ಮೀ. ಇಳಿಯಿತು ಎಂದು ಅನುಮತಿಗೆ ಆಧಾರವಾದ ಪರೀಕ್ಷೆಯಲ್ಲಿ ಕಂಡಿತು. ಅದೇ ಪರೀಕ್ಷೆಯಲ್ಲಿ ಕೆಲವರಿಗೆ ಶಕ್ತಿ ಬಿಡದೆ ಬರೀ ಯಂತ್ರ ಇಟ್ಟು ತೆಗೆದಿದ್ದರು. ಅವರಲ್ಲೂ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಇಳಿದಿತ್ತು. ಅಂದರೆ ಯಂತ್ರದ ಸ್ವಂತ ಪಾಲು ಸುಮಾರು ಒಂದು ಸೆಂ.ಮೀ. ಹೀಗಿರುವಾಗ ಒಂದೇ ಸಿಟಿಂಗಿಗೆ ಎರಡು ಇಂಚು, ಅಂದರೆ 5 ಸೆಂ.ಮೀ., ಎಲ್ಲಿಂದ ಬರಬೇಕು?

ಬರುವುದು ಟೇಪಿನಿಂದ. ಮೊದಲ ಅಳತೆ ಊಟವಾದ ಮೇಲೆ, ಉಸಿರು ಸಡಿಲ ಬಿಟ್ಟು, ಹೊಕ್ಕುಳ ಕೆಳಗೆ. ಎರಡನೆಯದು ಅರ್ಧ ತಾಸು ಮಲಗಿ ಎದ್ದಮೇಲೆ, ಒಂದು ಸೆಂ.ಮೀ. ಮೇಲೆ, ಟೇಪು ಬಿಗಿ ಎಳೆದು. ನಡುವೆ ಬಿಸಿ ಬೆಲ್ಟು ಕಟ್ಟಿದ್ದರೆ ಬೆವರಿ ನೀರೂ ಹೋಗಿರುತ್ತದೆ. ಮರುದಿನ ನೀರು ಕುಡಿದ ಮೇಲೆ ಎಲ್ಲ ಮೊದಲಿನ ಹಾಗೆ. ನಿಮ್ಮ ಅಳತೆ ನೀವೇ ತೆಗೆದುಕೊಳ್ಳಿ: ಬೆಳಿಗ್ಗೆ, ಖಾಲಿ ಹೊಟ್ಟೆ, ಬರಿಮೈ ಮೇಲೆ, ಪಾದಗಳ ನಡುವೆ ಒಂದು ಗೇಣು ಅಂತರ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ತುದಿ ಎರಡರ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಎರಡು ಸಲ ಅಳೆದು ಸರಾಸರಿ ಬರೆದಿಡಿ.

ತೂಕವೂ ಇಳಿಯುವುದಿಲ್ಲ. 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಜಾಗದಲ್ಲಿ ಕೊಬ್ಬು ಅರ್ಧ ಸೆಂ.ಮೀ. ತೆಳುವಾಯಿತು ಅಂದುಕೊಳ್ಳಿ. ಹೋದದ್ದು 150 ಮಿಲಿಲೀಟರ್, ಸುಮಾರು 135 ಗ್ರಾಂ. ನಿಮ್ಮ ನಾದಿನಿ ಸುಳ್ಳು ಹೇಳುತ್ತಿಲ್ಲ. ಹಣ ಕಟ್ಟಿದ ಮೇಲೆ ಹೆಚ್ಚಿನವರು ಊಟ ಹಿಡಿತದಲ್ಲಿಡುತ್ತಾರೆ, ವಾಕಿಂಗ್ ಶುರುಮಾಡುತ್ತಾರೆ. ಇಳಿದದ್ದರಲ್ಲಿ ಅದರ ಪಾಲು ದೊಡ್ಡದು, ಹೆಸರು ಮಾತ್ರ ಯಂತ್ರಕ್ಕೆ.

ಕರಗಿದ ಕೊಬ್ಬು ಮೂತ್ರದಲ್ಲಿ ಹೋಗುವುದಿಲ್ಲ. ಸತ್ತ ಕೋಶಗಳನ್ನು ದೇಹದ ಬಿಳಿ ರಕ್ತಕಣಗಳು ಎಂಟು ಹನ್ನೆರಡು ವಾರಗಳಲ್ಲಿ ಮೆಲ್ಲಗೆ ತೆರವು ಮಾಡುತ್ತವೆ. ಒಳಗಿನ ಜಿಡ್ಡು ರಕ್ತ ಮತ್ತು ದುಗ್ಧನಾಳಗಳ ಮೂಲಕ ಲಿವರ್‌ಗೆ ಹೋಗಿ, ಊಟದ ಕೊಬ್ಬಿನಂತೆಯೇ ಬಳಕೆಯಾಗುತ್ತದೆ. ಮೂತ್ರ ಹಾಲಿನಂತೆ ಬೆಳ್ಳಗಾದರೆ ಅದು ಕಾಯಿಲೆ, ಪರೀಕ್ಷೆ ಮಾಡಿಸಬೇಕು. ಇಷ್ಟು ಕಡಿಮೆ ಪ್ರಮಾಣದ ಕೊಬ್ಬಿನಿಂದ ಆರೋಗ್ಯವಂತರ ಲಿವರ್‌ಗೆ ಹಾನಿಯಿಲ್ಲ. ಪರೀಕ್ಷೆಗಳಲ್ಲಿ ರಕ್ತದ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಗಣನೀಯವಾಗಿ ಏರಿಲ್ಲ. ಮೊದಲೇ ಲಿವರ್ ಕಾಯಿಲೆ ಇದ್ದವರಿಗೆ ಮಾತ್ರ ಬೇಡ. ಕ್ಯಾನ್ಸರ್ ಭಯವನ್ನೂ ಬಿಡಿ. ಅಲ್ಟ್ರಾಸೌಂಡ್ ಶಬ್ದದ ಅಲೆ, ಎಕ್ಸ್‌ರೇ ತರಹದ ವಿಕಿರಣವಲ್ಲ. ಒಂದೂಕಾಲು ಸೆಂ.ಮೀ. ಆಳದಲ್ಲಿ ಕೆಲಸ ಮಾಡುವ ಅಲೆಗೆ ಗರ್ಭಕೋಶ ಎಟುಕುವುದಿಲ್ಲ.

ಹಾಗಾದರೆ ಏನು ತೊಂದರೆಯಾಗುತ್ತದೆ?

ಸರಿಯಾಗಿ ಮಾಡಿದರೂ ನೋವಿದೆ. ಹೈಫು ಶಾಟ್ ಬೀಳುವಾಗ ಒಳಗೆ ಚುಚ್ಚಿದಂತೆ, ಸುಟ್ಟಂತೆ ಅನ್ನಿಸುತ್ತದೆ. ಆಮೇಲೆ ಒಂದೆರಡು ವಾರ ಕಂದುಗಟ್ಟಿದ ಕಲೆ, ಊತ, ಮುಟ್ಟಿದರೆ ನೋವು ಇರುತ್ತದೆ. ಕೆಲವರಿಗೆ ಚರ್ಮದ ಕೆಳಗೆ ಗಂಟುಗಳು ವಾರಗಟ್ಟಲೆ ಉಳಿಯುತ್ತವೆ, ಜಾಗ ಜೋಮು ಹಿಡಿಯುತ್ತದೆ. ಇವು ತಾವಾಗಿ ಹೋಗುತ್ತವೆ.

ತಪ್ಪಾದಾಗ ಆಗುವುದು ಬೇರೆ. ಹಿಡಿಕೆ ಮತ್ತು ಚರ್ಮದ ನಡುವೆ ಜೆಲ್ ಸಾಲದೆ ಗಾಳಿ ಸೇರಿದರೆ ಅಲೆ ಒಳಗೆ ಹೋಗದೆ ಅಲ್ಲೇ ತಿರುಗಿ ಚರ್ಮ ಸುಡುತ್ತದೆ. ಒಂದೇ ಜಾಗದಲ್ಲಿ ಶಾಟ್ ಮೇಲೆ ಶಾಟ್ ಬಿದ್ದರೆ ಬೊಬ್ಬೆ ಏಳುತ್ತದೆ, ನಮ್ಮ ಮೈಬಣ್ಣದಲ್ಲಿ ಆ ಕಪ್ಪು ಕಲೆ ತಿಂಗಳುಗಟ್ಟಲೆ ಇರುತ್ತದೆ. ಪಕ್ಕೆಲುಬು, ಸೊಂಟದ ಎಲುಬಿನ ಮೇಲೆ ಹಾಯಿಸಿದರೆ ಎಲುಬು ಶಾಖ ಹೀರಿ ವಿಪರೀತ ನೋವಾಗುತ್ತದೆ. ಕೊಬ್ಬು ತೆಳುವಿದ್ದರೆ ಶಾಖ ಸ್ನಾಯುವಿಗೆ ಇಳಿಯುತ್ತದೆ. ಅದಕ್ಕೇ ಲಿಪೊಸಾನಿಕ್ಸ್‌ನಂಥ ಯಂತ್ರಕ್ಕೆ ಕೇಂದ್ರಬಿಂದುವಿನ ಆಚೆಗೂ ಕನಿಷ್ಠ 1 ಸೆಂ.ಮೀ. ಕೊಬ್ಬು ಇರಬೇಕು ಎಂಬ ನಿಯಮವಿದೆ, ಒಟ್ಟು ಸುಮಾರು 2.3 ಸೆಂ.ಮೀ. ನಿಮ್ಮ ಹೊಕ್ಕುಳ ಸುತ್ತ ಇರುವುದು ಒಂದೂವರೆ. ಅಲ್ಲಿ ಮಾಡಲೇಬಾರದು. ಕೆಳಹೊಟ್ಟೆಯಲ್ಲಿ 2.5, ಅಂಚಿನಲ್ಲಿದೆ, ಆದರೆ ಅಲ್ಲೇ ಸಿಸೇರಿಯನ್ ಹೊಲಿಗೆಯೂ ಇದೆ. ಹೊಲಿಗೆಯ ಸುತ್ತ ಸ್ಪರ್ಶ ಮಂದವಾಗಿರುತ್ತದೆ, ಸುಡುತ್ತಿದ್ದರೂ ನಿಮಗೆ ತಿಳಿಯದೆ ಹೋಗಬಹುದು. ಎಲ್ಲಕ್ಕಿಂತ ಅಪಾಯ ಗೊತ್ತಿಲ್ಲದ ಹರ್ನಿಯಾ ಮೇಲೆ ಹಾಯಿಸುವುದು. ಅಲ್ಲಿ ಚರ್ಮದ ಕೆಳಗೆ ಕೊಬ್ಬಿನ ಬದಲು ಕರುಳು ಇರಬಹುದು. ಹೊಟ್ಟೆ ಮುಟ್ಟಿ, ಕೆಮ್ಮಿಸಿ ನೋಡದೆ ಜೆಲ್ ಹಚ್ಚುವ ಜಾಗದಿಂದ ಎದ್ದು ಬನ್ನಿ.

ಬಸುರಿಯರು, ಮಗುವಿಗೆ ಹಾಲೂಡಿಸುವವರು, ಪೇಸ್‌ಮೇಕರ್ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದವರು, ಆ ಜಾಗದಲ್ಲಿ ಚರ್ಮದ ಸೋಂಕು ಇದ್ದವರು ಇದಕ್ಕೆ ಹೋಗಬಾರದು. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಇದಕ್ಕೋಸ್ಕರ ನೀವಾಗಿ ನಿಲ್ಲಿಸಬೇಡಿ. ಬಿಎಂಐ 30 ದಾಟಿದವರಿಗೂ ಇದು ತಕ್ಕದ್ದಲ್ಲ.

ಅವ್ವನ ಮಾತು

ಹೊಟ್ಟೆ ಕಟ್ಟದ್ದರಿಂದ ಹೀಗಾಯಿತು ಎಂದು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಾಣಂತನದಲ್ಲಿ ಬಟ್ಟೆ ಕಟ್ಟಿದರೆ ಬೆನ್ನಿಗೆ ಆಸರೆ ಸಿಗುತ್ತದೆ, ಸಿಸೇರಿಯನ್ ಆದವರಿಗೆ ಕೆಮ್ಮುವಾಗ, ಏಳುವಾಗ ನೋವು ಕಡಿಮೆಯಾಗುತ್ತದೆ. ಅಷ್ಟು ಉಪಯೋಗ ನಿಜ. ಆದರೆ ಬರೀ ಬಟ್ಟೆಯಿಂದ ಹಿಗ್ಗಿದ ಪಟ್ಟಿ ಕೂಡುವುದಿಲ್ಲ, ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಗೆ ಗರ್ಭಕೋಶದ ಕಡೆ ಬೀಳುತ್ತದೆ. ಬಾಣಂತನದ ಅಂಟಿನ ಉಂಡಿ, ಕೊಬ್ಬರಿ, ತುಪ್ಪ ಹಾಲೂಡಿಸುವ ತಿಂಗಳುಗಳಿಗೆ ಸರಿ. ಆಮೇಲೂ ಅದೇ ಪ್ರಮಾಣ ಮುಂದುವರಿದರೆ ಅದು ಸೊಂಟಕ್ಕೆ ಸೇರುತ್ತದೆ.

ನಿಮ್ಮ ಮುಂದಿರುವ ದಾರಿಗಳು

ಮೊದಲು ಒಬ್ಬ ಸರ್ಜನ್‌ಗೆ ಹೊಟ್ಟೆ ತೋರಿಸಿ. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಸರ್ಜರಿ ಹೊರರೋಗಿ ವಿಭಾಗದಲ್ಲೇ ತೋರಿಸಬಹುದು, ಇದಕ್ಕೆ ಹುಬ್ಬಳ್ಳಿಗೆ ಬರಬೇಕಿಲ್ಲ. ಹೊಟ್ಟೆಯ ಗೋಡೆಯ ಸೊನೋಗ್ರಫಿ ಬರೆಸಿಕೊಳ್ಳಿ. ಬರೀ ‘ಹೊಟ್ಟೆ ಸ್ಕ್ಯಾನಿಂಗ್’ ಅಂದರೆ ಲಿವರ್, ಕಿಡ್ನಿ ನೋಡಿ ಕಳಿಸುತ್ತಾರೆ. ಸ್ನಾಯುಗಳ ನಡುವಿನ ಅಂತರ ಎಷ್ಟು, ಕೆಮ್ಮಿದಾಗ ಹರ್ನಿಯಾ ಕಾಣುತ್ತದೆಯೇ ಎಂಬುದನ್ನು ನೋಡಿ ಬರೆಯಲು ಚೀಟಿಯಲ್ಲೇ ಇರಲಿ. ಜೊತೆಗೆ ಲಿವರ್‌ನಲ್ಲಿ ಕೊಬ್ಬು ಇದೆಯೇ ಅದೂ ಗೊತ್ತಾಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಟಿಎಸ್‌ಎಚ್ (ಥೈರಾಯ್ಡ್), ಎಸ್‌ಜಿಪಿಟಿ (ಲಿವರ್) ಮಾಡಿಸಿ. ಸೊಂಟ 91 ಇರುವ 38ರ ಹೆಣ್ಣುಮಗಳಿಗೆ ಈ ರಕ್ತಪರೀಕ್ಷೆಗಳು ಹೊಟ್ಟೆಯ ಅಂದಕ್ಕಿಂತ ಮುಖ್ಯ.

ಬಿರುಕು ಮಾತ್ರ ಇದ್ದರೆ ಫಿಸಿಯೋಥೆರಪಿಯಿಂದ ಶುರುಮಾಡಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆ ಎಳೆದು 5ರಿಂದ 10 ಸೆಕೆಂಡ್ ಹಿಡಿಯಿರಿ, ಉಸಿರು ಕಟ್ಟಬೇಡಿ. ಒಂದು ಹೊತ್ತಿಗೆ 10 ಸಲ, ದಿನಕ್ಕೆ ಎರಡು ಮೂರು ಹೊತ್ತು. ಅದು ಸಲೀಸಾದ ಮೇಲೆ ಅದೇ ಬಿಗಿ ಹಿಡಿದು ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಕಾಲು ಚಾಚಿ ಮಡಚುವುದು. ಬಿರುಕು ಇದ್ದವರು ಪೂರ್ತಿ ಸಿಟ್‌ಅಪ್ ಹೊಡೆಯುವುದು, ಎರಡೂ ಕಾಲು ಒಟ್ಟಿಗೆ ಎತ್ತುವುದು ಮಾಡಬಾರದು. ‘ಹೊಟ್ಟಿ ಇಳೀತದ’ ಅಂತ ದಿನಾ 50 ಸಿಟ್‌ಅಪ್ ಹೊಡೆದು ಉಬ್ಬು ಹೆಚ್ಚಿಸಿಕೊಂಡು ಬರುವವರು ಬಹಳ. ವ್ಯಾಯಾಮದ ನಡುವೆ ಆ ಉದ್ದನೆಯ ಉಬ್ಬು ಕಂಡರೆ ಅದು ನಿಮಗೆ ಇನ್ನೂ ಭಾರ ಎಂದು ಅರ್ಥ, ಒಂದು ಹಂತ ಕೆಳಗಿಳಿಯಿರಿ. ಹಾಸಿಗೆಯಿಂದ ಏಳುವಾಗ ನೇರ ಏಳಬೇಡಿ, ಮಗ್ಗುಲಿಗೆ ಹೊರಳಿ ಕೈ ಊರಿ ಏಳಿ. ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ. ಆರು ವರ್ಷ ಹಳೆಯ ಬಿರುಕು ಪೂರ್ತಿ ಮುಚ್ಚದಿರಬಹುದು, ಆದರೆ ಒಳಗಿನ ಸ್ನಾಯು ಬಲವಾದರೆ ಹೊಟ್ಟೆ ಹಿಡಿದು ನಿಲ್ಲುತ್ತದೆ, ಸಂಜೆಯ ಉಬ್ಬರವೂ ತಗ್ಗುತ್ತದೆ.

ಒಳಕೊಬ್ಬಿಗೆ ಮದ್ದು ತೂಕ ಇಳಿಸುವುದು. ನಿಮಗೆ 5 ಪ್ರತಿಶತ ಅಂದರೆ ಮೂರು ಕೆ.ಜಿ. ಚಿಲ್ಲರೆ. ಅಷ್ಟು ಇಳಿದರೂ ಲಿವರ್ ಮತ್ತು ಸಕ್ಕರೆಯ ಲೆಕ್ಕ ಸುಧಾರಿಸುತ್ತದೆ. ಜೋಳದ ರೊಟ್ಟಿ ಬಿಡಬೇಕಿಲ್ಲ. ರೊಟ್ಟಿಯ ಜೊತೆ ಏನು ಬರುತ್ತದೆ ಅದನ್ನು ನೋಡಿ. ಎಣ್ಣೆಗಾಯಿಯ ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲರಿ, ಒಂದು ರೊಟ್ಟಿಗೆ ಹೆಚ್ಚುಕಡಿಮೆ ಸಮ. ಶೇಂಗಾ ಹಿಂಡಿ ಒಳ್ಳೆಯದೇ, ಅದಕ್ಕೆ ಮೇಲೆ ಎಣ್ಣೆ ಸುರಿಯುವ ಬದಲು ಮೊಸರು ಕಲಸಿ. ಮನೆಯಲ್ಲಿ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಮೀರದಂತೆ ನೋಡಿ. ಸ್ಟಾಫ್ ರೂಮಿನ ಚಹಾ ದಿನಕ್ಕೆ ನಾಲ್ಕು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಅಂದರೆ 160 ಕ್ಯಾಲರಿ ಸಕ್ಕರೆಯಲ್ಲೇ ಹೋಯಿತು. ಸಂಜೆಯ ಗಿರಮಿಟ್ ಜೊತೆ ಮಿರ್ಚಿ ವಾರಕ್ಕೊಮ್ಮೆ ಸಾಕು. ಎರಡೂ ಹೊತ್ತು ಮಡಿಕೆಕಾಳು, ಹೆಸರುಕಾಳಿನ ಉಸುಳಿ, ಮೊಸರು, ತಿನ್ನುವವರಾದರೆ ತತ್ತಿ ಇರಲಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಭೀಷ್ಮ ಕೆರೆಯ ದಂಡೆ ನಿಮಗೆ ಹತ್ತಿರವೇ ಇದೆ.

ಇಷ್ಟೆಲ್ಲ ಆಗಿ ಕೆಳಹೊಟ್ಟೆಯಲ್ಲಿ ಹಿಡಿಯಲು ಸಿಗುವ ಕೊಬ್ಬು ಮಾತ್ರ ಉಳಿದರೆ, ಹರ್ನಿಯಾ ಇಲ್ಲ ಎಂದು ಖಚಿತವಾದರೆ, ಆಗ ಹೈಫು ಯೋಚಿಸಬಹುದು. ಅದನ್ನು ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನೋ ಇರುವ ಕಡೆ ಮಾಡಿಸಿ. ಕೊಬ್ಬನ್ನು ತಣ್ಣಗೆ ಮಾಡಿ ಸಾಯಿಸುವ ಕ್ರಯೋಲಿಪೊಲಿಸಿಸ್ ಇನ್ನೊಂದು ಆಯ್ಕೆ. ಒಂದು ಸಲಕ್ಕೆ ಆ ಜಾಗದ ಕೊಬ್ಬಿನಲ್ಲಿ ಐದನೇ ಒಂದು ಭಾಗದಷ್ಟು ಇಳಿಯುತ್ತದೆ. ಅಪರೂಪಕ್ಕೆ ಕೆಲವು ತಿಂಗಳ ಮೇಲೆ ಅದೇ ಜಾಗದಲ್ಲಿ ಕೊಬ್ಬು ಗಟ್ಟಿಯಾಗಿ ಬೆಳೆಯುತ್ತದೆ, ಅದನ್ನು ಲಿಪೊಸಕ್ಷನ್ನಿನಿಂದಲೇ ತೆಗೆಯಬೇಕಾಗುತ್ತದೆ. ಇದನ್ನು ಮೊದಲೇ ಹೇಳದೆ ಸಹಿ ಹಾಕಿಸುವವರ ಹತ್ತಿರ ಮಾಡಿಸಬೇಡಿ. ಕೊಬ್ಬು ಕರಗಿಸುವ ಇಂಜೆಕ್ಷನ್ ಅಂತ ಹೊಟ್ಟೆಗೆ ಚುಚ್ಚುವುದು ಬೇಡವೇ ಬೇಡ. ಅದರಲ್ಲಿ ಬಳಸುವ ಡಿಆಕ್ಸಿಕೋಲಿಕ್ ಆಮ್ಲಕ್ಕೆ ಎಫ್‌ಡಿಎ ಅನುಮತಿ ಇರುವುದು ಗದ್ದದ ಕೆಳಗಿನ ಕೊಬ್ಬಿಗೆ ಮಾತ್ರ. ತೂಕ ಇಳಿಸುವ ಔಷಧಗಳಾದ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬೇರೆ, ಅವು ತೂಕಕ್ಕೆ ಕೆಲಸ ಮಾಡುತ್ತವೆ, ಆದರೆ ರಕ್ತಪರೀಕ್ಷೆ ಬಂದ ಮೇಲೆ ವೈದ್ಯರು ತೀರ್ಮಾನಿಸಬೇಕಾದ ಮಾತು.

ಬಿರುಕು ದೊಡ್ಡದಿದ್ದು, ಚರ್ಮವೂ ಜೋತಿದ್ದು, ಆರು ತಿಂಗಳ ವ್ಯಾಯಾಮಕ್ಕೂ ಬಗ್ಗದಿದ್ದರೆ ಉಳಿಯುವುದು ಅಬ್ಡಾಮಿನೊಪ್ಲಾಸ್ಟಿ. ಪೂರ್ತಿ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಹತ್ತಿರ ತಂದು ಹೊಲಿದು, ಹೆಚ್ಚಿನ ಚರ್ಮ ಕೊಬ್ಬು ತೆಗೆಯುತ್ತಾರೆ. ಹರ್ನಿಯಾ ಇದ್ದರೆ ಅದನ್ನೂ ಆಗಲೇ ಸರಿಪಡಿಸಬಹುದು. ಇದು ದೊಡ್ಡ ಆಪರೇಷನ್: ಸೊಂಟದಿಂದ ಸೊಂಟಕ್ಕೆ ಗಾಯದ ಗೆರೆ, ಒಳಗೆ ನೀರು ತುಂಬುವುದು, ಗಾಯ ಬೇಗ ಮಾಯದಿರುವುದು, ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪುಪ್ಪುಸಕ್ಕೆ ಹೋಗುವ ಜೀವಾಪಾಯವೂ ಇದೆ. ಎರಡು ಮೂರು ವಾರ ಶಾಲೆಗೆ ರಜೆ, ಆರು ವಾರ ಕೊಡ, ಸಿಲಿಂಡರ್ ಎತ್ತುವಂತಿಲ್ಲ. ನಿಮಗೆ ಇನ್ನು ಬಸಿರಿಲ್ಲ ಎಂಬುದು ಇದಕ್ಕೆ ಅನುಕೂಲದ ಅಂಶ. ಮಾಡಿಸುವುದಾದರೆ ತೂಕ ಇಳಿದು ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ, ಬೇಸಿಗೆ ರಜೆಯಲ್ಲಿ.

ಕೊಟ್ಟ ಮುಂಗಡದ ಬಗ್ಗೆ

ಸೆಂಟರಿಗೆ ಬರಹದಲ್ಲೇ ಕೇಳಿ: ಯಂತ್ರದ ಹೆಸರು, ಮಾಡೆಲ್, ಎಷ್ಟು ಹರ್ಟ್ಸ್, ಕಾರ್ಟ್ರಿಜ್ ಎಷ್ಟು ಮಿ.ಮೀ., ನಡೆಸುವವರು ಯಾರು, ಅವರ ವೈದ್ಯಕೀಯ ಮಂಡಳಿ ನೋಂದಣಿ ಸಂಖ್ಯೆ, ಸೆಂಟರಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪ್ರಮಾಣಪತ್ರ. ಕರ್ನಾಟಕದಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ ಸಂಸ್ಥೆಗಳು 2007ರ ಆ ಕಾಯ್ದೆಯಡಿ ನೋಂದಣಿಯಾಗಿರಬೇಕು. ‘ಎಫ್‌ಡಿಎ ಅಪ್ರೂವ್ಡ್’ ಎಂಬ ಸ್ಟಿಕ್ಕರ್ ತೋರಿಸಿದರೆ ನಂಬಬೇಡಿ, ಅನುಮತಿ ಸಿಗುವುದು ಒಂದೊಂದು ಮಾಡೆಲ್‌ಗೆ, ಒಂದೊಂದು ಉಪಯೋಗಕ್ಕೆ. ಉತ್ತರ 40 ಕಿಲೋಹರ್ಟ್ಸ್ ಅಂತ ಬಂದರೆ, ಅಥವಾ ಉತ್ತರವೇ ಬರದಿದ್ದರೆ, ಸರ್ಜನ್ ಚೀಟಿಯ ನಕಲು ಹಚ್ಚಿ, ಚಿಕಿತ್ಸೆ ಶುರುವಾಗಿಲ್ಲ, ಮುಂಗಡ ಹಿಂದಿರುಗಿಸಿ ಎಂದು ಪತ್ರ ಕೊಡಿ. ಸ್ವೀಕೃತಿಗೆ ಸಹಿ, ತಾರೀಖು ಹಾಕಿಸಿಕೊಳ್ಳಿ. ರಸೀದಿ ಮತ್ತು ‘ಎರಡು ಇಂಚು’ ಎಂದು ಬರೆದ ಪಾಂಪ್ಲೆಟ್ ಇದ್ದರೆ ಜೋಪಾನ ಮಾಡಿ. ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಅದಕ್ಕೆ ಎರಡು ವರ್ಷದ ಗಡುವಿದೆ.